ಬೆಟ್ಟ ಕಾಣಲಿಲ್ಲ, ಬಕೆಟ್ ಕಂಡಿತು

(ಊರಿನ ಛಾಯಾಗ್ರಹಣ ಬಳಗದ ತಿಂಗಳ ಸಭೆಯಲ್ಲಿ ಚಿತ್ರಗಳನ್ನು ತೋರಿಸುತ್ತ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲಿದ್ದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ತುಂಬಿಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇವತ್ತು ತೋರಿಸುವ ನಲವತ್ತು ಚಿಲ್ಲರೆ ಚಿತ್ರಗಳಲ್ಲಿ ಒಂದೇ ಒಂದು ಬೆಟ್ಟ ಇಲ್ಲ, ಜಲಪಾತ ಇಲ್ಲ, ಸಾವಿರ ವರ್ಷದ ಮರವೂ ಇಲ್ಲ. ಅದನ್ನೆಲ್ಲ ನೋಡಲೆಂದೇ ಜನ ಹಡಗು ಹತ್ತುವ ದ್ವೀಪಕ್ಕೆ ಹೋಗಿ ಗಂಬೂಟು, ಬಕೆಟ್, ಪೊರಕೆ, ಮೀನಿನ ಕ್ರೇಟುಗಳ ಚಿತ್ರ ಹಿಡಿದುಕೊಂಡು ಬಂದವಳು ನಾನು. ಎದ್ದು ಹೋಗುವವರು ಈಗಲೇ ಹೋಗಬಹುದು. ಆದರೆ ಕಾಫಿ ಕೊನೆಗೇ ಕೊಡುತ್ತಾರಂತೆ, ಯೋಚನೆ ಮಾಡಿ.

ದ್ವೀಪದ ಹೆಸರು ಯಾಕುಶಿಮಾ. ಜಪಾನಿನ ದೊಡ್ಡ ದ್ವೀಪಗಳಲ್ಲಿ ದಕ್ಷಿಣದ್ದು ಕ್ಯೂಶೂ. ಅದರ ತುದಿಯಿಂದ ಇನ್ನೂ 60 ಕಿಲೋಮೀಟರ್ ಕೆಳಗೆ ಸಮುದ್ರದಲ್ಲಿದೆ. ನಾನು ಕೆಲಸದ ಮೇಲೆ ಫುಕುಓಕಾದಲ್ಲಿದ್ದೆ. ಅಲ್ಲಿಂದ ಕಾಗೊಶಿಮಾಕ್ಕೆ ರೈಲು, ಅಲ್ಲಿಂದ ಕಾರು ಹತ್ತಿಸುವ ಹಡಗಿನಲ್ಲಿ ನಾಲ್ಕು ಗಂಟೆ. ಹೆಚ್ಚುಕಡಿಮೆ ದುಂಡಗಿನ ದ್ವೀಪ, ಸುತ್ತಳತೆ ಸುಮಾರು 130 ಕಿಲೋಮೀಟರ್, ಹನ್ನೆರಡು ಸಾವಿರದಷ್ಟು ಜನ. ಅಂಚಿಗೆ ಊರುಗಳು, ನಡುವೆ ಬರೀ ಗ್ರಾನೈಟ್ ಬೆಟ್ಟ ಮತ್ತು ಕಾಡು. ಅತಿ ಎತ್ತರದ ಮಿಯಾನೊಉರಾ ಶಿಖರ 1,936 ಮೀಟರ್. ನಮ್ಮ ಮುಳ್ಳಯ್ಯನಗಿರಿಯನ್ನು ಬುಡಸಮೇತ ಕಿತ್ತು ತಂದು ಕಡಲಿನಲ್ಲಿ ನಿಲ್ಲಿಸಿದ ಹಾಗೆ. ಬೆಚ್ಚಗಿನ ಕಡಲಿನ ಮೇಲಿಂದ ತೇವ ಹೊತ್ತು ಬರುವ ಗಾಳಿ ಈ ಗೋಡೆಗೆ ಬಡಿದು ಮೇಲೇರುತ್ತದೆ, ತಣಿಯುತ್ತದೆ, ಸುರಿಯುತ್ತದೆ. ಕರಾವಳಿಯ ಹವಾಮಾನ ಕೇಂದ್ರದಲ್ಲೇ ವರ್ಷದ ಸರಾಸರಿ 4,500 ಮಿಲಿಮೀಟರ್ ದಾಟುತ್ತದೆ. ಬೆಟ್ಟದ ಮೇಲೆ 8,000ದಿಂದ 10,000 ಅನ್ನುತ್ತಾರೆ. ತಿಂಗಳಿಗೆ ಮೂವತ್ತೈದು ದಿನ ಮಳೆ ಎಂಬುದು ಆ ದ್ವೀಪದ ಬಗ್ಗೆ ಎಲ್ಲರ ಬಾಯಲ್ಲೂ ಇರುವ ಮಾತು.

ಇಂಥ ದ್ವೀಪಕ್ಕೆ ನಾನು ಹೋದದ್ದು ಜೂನ್ ತಿಂಗಳಲ್ಲಿ. ಆಗ ಅಲ್ಲಿ 'ತ್ಸುಯು'. ಜಪಾನಿನ ಮಳೆಗಾಲ ನಮ್ಮ ಹಾಗೆ ನಾಲ್ಕು ತಿಂಗಳಿನದ್ದಲ್ಲ, ಸುಮಾರು ಆರು ವಾರ ಅಷ್ಟೇ. ಉತ್ತರದ ಓಖೋಟ್ಸ್ಕ್ ಸಮುದ್ರದ ಕಡೆಯಿಂದ ತಣ್ಣನೆಯ ಗಾಳಿ, ಪೆಸಿಫಿಕ್ ಕಡೆಯಿಂದ ಬೆಚ್ಚನೆಯ ತೇವದ ಗಾಳಿ. ಎರಡೂ ಎದುರುಬದುರು ನಿಂತು ಒಂದನ್ನೊಂದು ಒತ್ತುತ್ತಿರುತ್ತವೆ. ಯಾರೂ ಜಗ್ಗದಿರುವಷ್ಟು ದಿನ ಆ ಗಡಿಯ ಕೆಳಗಿನವರಿಗೆ ಮಳೆ. ಕ್ಯೂಶೂವಿನ ದಕ್ಷಿಣ ಭಾಗಕ್ಕೆ ಸರಾಸರಿ ಲೆಕ್ಕದಲ್ಲಿ ಮೇ 30ಕ್ಕೆ ಶುರು, ಜುಲೈ 15ಕ್ಕೆ ಮುಗಿತಾಯ. ಶುರುವಾಯಿತು, ಮುಗಿಯಿತು ಎಂದು ಹವಾಮಾನ ಇಲಾಖೆ ಘೋಷಣೆ ಮಾಡುತ್ತದೆ. ತಮಾಷೆಯೆಂದರೆ, ಆ ದಿನಾಂಕಗಳು ಖಾಯಂ ಆಗುವುದು ಸೆಪ್ಟೆಂಬರಿನಲ್ಲಿ, ಎಲ್ಲ ಒಣಗಿದ ಮೇಲೆ ಲೆಕ್ಕ ನೋಡಿ.

ತ್ಸುಯು ಎಂಬುದನ್ನು ಬರೆಯುವ ಅಕ್ಷರಗಳ ಅರ್ಥ 'ಪ್ಲಮ್ ಮಳೆ'. ಉಮೆ ಎಂಬ ಹುಳಿ ಪ್ಲಮ್ ಹಣ್ಣಾಗುವ ಹೊತ್ತಿಗೆ ಬರುವ ಮಳೆ. ನಾವು ಮೃಗಶಿರಾ, ಆರಿದ್ರಾ ಎಂದು ನಕ್ಷತ್ರ ನೋಡಿ ಹೆಸರಿಟ್ಟರೆ ಅವರು ಮರ ನೋಡಿ ಇಟ್ಟರು. ಅದೇ ಉಚ್ಚಾರಕ್ಕೆ ಇನ್ನೊಂದು ಹಳೆಯ ಬರವಣಿಗೆಯೂ ಇದೆ, ಅದರ ಅರ್ಥ 'ಬೂಷ್ಟಿನ ಮಳೆ'. ಮೂರು ವಾರ ಇದ್ದ ನನಗೆ ಎರಡನೆಯದೇ ಸರಿ ಅನ್ನಿಸಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನೂ ಹೋದದ್ದು ಮರ ನೋಡಲಿಕ್ಕೇ. ಜೋಮೊನ್ ಸುಗಿ ಎಂಬ ದೇವದಾರಿನಂಥ ಮರ. ವಯಸ್ಸು ಎರಡು ಸಾವಿರದಿಂದ ಏಳು ಸಾವಿರ ವರ್ಷದವರೆಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೋಗಿ ಬರಲು 22 ಕಿಲೋಮೀಟರ್ ನಡಿಗೆ. ಮೊದಲ ದಿನ ಬೆಟ್ಟದ ಬುಡಕ್ಕೆ ಹೋಗುವ ಬಸ್ಸೇ ಹೊರಡಲಿಲ್ಲ. ಎರಡನೆಯ ದಿನವೂ ಅದೇ. ಮೂರನೆಯ ದಿನ ಹೊರಟಿತು, ನಾನು ಜ್ವರ ಬಂದು ಮಲಗಿದ್ದೆ. ನಾಲ್ಕನೆಯ ದಿನ ಎದ್ದು ಬಾಗಿಲು ತೆರೆದರೆ ಎದುರಿಗಿರಬೇಕಾದ ಬೆಟ್ಟವೇ ಇಲ್ಲ. ಬಿಳಿ ಗೋಡೆ. ಒಂಬತ್ತು ದಿನ ಹಾಗೇ.

ಹೀಗೆ ಕೂತಿದ್ದಾಗ ಕಂಡದ್ದು ಈ ಚಿತ್ರ.

ನೋಡಿ. ನಾನು ಉಳಿದುಕೊಂಡಿದ್ದು ಅಂಬೋ ಎಂಬ ಬಂದರಿನ ಊರಿಗೆ ಹತ್ತಿರದ ಒಂದು ಮನೆಯಲ್ಲಿ. ನಮ್ಮಲ್ಲಿ ಈಗ ಹೋಮ್‌ಸ್ಟೇ ಅನ್ನುವಂಥದ್ದು. ಮನೆಯೊಡತಿಗೆ ಎಪ್ಪತ್ತು ದಾಟಿತ್ತು. ಅಂಥ ಕಡೆ ಉಳಿದವರು ಕರೆಯುವಂತೆ ನಾನೂ ಒಕಾಸಾನ್, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದೆ. ಇದು ಅವರ ಬಾಗಿಲಿನ ಒಳಬದಿ, ಚಪ್ಪಲಿ ಬಿಡುವ ತಗ್ಗು. ಕಪ್ಪು ಗಂಬೂಟು ಎರಡು. ನೆಲದ ಮೇಲಿಲ್ಲ, ಎರಡು ಬಿದಿರಿನ ಕೋಲುಗಳಿಗೆ ತಲೆಕೆಳಗಾಗಿ ಸಿಕ್ಕಿಸಿದ್ದಾರೆ. ಕೋಲುಗಳು ಒಂದು ಹಳೆಯ ಹೂಕುಂಡದಲ್ಲಿ ನಿಂತಿವೆ, ಹೂಕುಂಡದೊಳಗೆ ಸಮುದ್ರದ ಉರುಟು ಕಲ್ಲು. ಪಕ್ಕದಲ್ಲಿ ಇನ್ನೊಂದು ಜೊತೆ ಬಟ್ಟೆಯ ಬೂಟು, ಅದರ ಬಾಯಿಗೆ ಹಳೇ ಪತ್ರಿಕೆ ಉಂಡೆ ಮಾಡಿ ತುರುಕಿದೆ. ಕೊಡೆಗಳು ಮೊಳೆಯಿಂದ ನೇತಿವೆ, ಒಂದೊಂದರ ತುದಿ ಸರಿಯಾಗಿ ನೆಲದಲ್ಲಿ ಕೊರೆದ ಒಂದು ಗೀರಿನ ಮೇಲೆ ಬರುತ್ತದೆ. ತೊಟ್ಟಿಕ್ಕಿದ ನೀರು ಆ ಗೀರಿನಲ್ಲಿ ಹರಿದು ಹೊಸಿಲಿನಡಿಯ ಕಿಂಡಿಯಿಂದ ಹೊರಗೆ. ಮೂಲೆಯಲ್ಲಿ ಒಂದು ನೀಲಿ ಬಕೆಟ್. ಸೂರಿನ ಒಂದು ಜೋಡಣೆ ಸೋರುತ್ತಿತ್ತು, ಅದಕ್ಕೆ ಇಟ್ಟದ್ದು. ಈ ಬಕೆಟನ್ನು ಮರೆಯಬೇಡಿ, ಮತ್ತೆ ಬರುತ್ತದೆ.

ಇದನ್ನು ಯಾರೂ ಚಿತ್ರಕ್ಕೆಂದು ಜೋಡಿಸಿದ್ದಲ್ಲ. ಆದರೆ ಒಂದು ವಸ್ತುವೂ ತನ್ನ ಪಾಡಿಗೆ ಬಿದ್ದುಕೊಂಡಿಲ್ಲ. ಪ್ರತಿಯೊಂದರ ಜಾಗವನ್ನೂ ಮಳೆ ಗೊತ್ತು ಮಾಡಿದೆ. ಮಳೆ ಯಾವ ಕಡೆಯಿಂದ ಬಡಿಯುತ್ತದೆ, ಯಾವುದು ಒಣಗಲು ಎಷ್ಟು ಹೊತ್ತು ಬೇಕು, ಯಾವುದಕ್ಕೆ ಗಾಳಿ ಬೇಕು, ಎಲ್ಲವೂ ಆ ಐದಡಿ ಜಾಗದಲ್ಲಿದೆ. ನಾಲ್ಕು ದಿನದಿಂದ ಕಿಟಕಿಯಾಚೆ ಮಳೆಯ ಚಿತ್ರ ತೆಗೆಯಲು ಒದ್ದಾಡುತ್ತಿದ್ದೆ, ಒಂದೂ ಬಂದಿರಲಿಲ್ಲ. ಅವತ್ತಿನಿಂದ ಮಳೆಯನ್ನು ಬಿಟ್ಟೆ. ಮಳೆಗೆ ಮನುಷ್ಯರು ಮಾಡಿಕೊಂಡ ಏರ್ಪಾಡಿನ ಬೆನ್ನು ಹತ್ತಿದೆ.

ಇದೇನೂ ಹೊಸ ಸಾಹಸವಲ್ಲ. ಛಾಯಾಗ್ರಹಣ ಹುಟ್ಟಿದ ಕಾಲದಲ್ಲೇ, 1844ರಲ್ಲಿ, ಇಂಗ್ಲೆಂಡಿನ ಟಾಲ್ಬಟ್ ತನ್ನ ಮನೆಯ ಅರೆತೆರೆದ ಬಾಗಿಲಿಗೆ ಒರಗಿಸಿದ ಪೊರಕೆಯ ಚಿತ್ರ ತೆಗೆದಿದ್ದಾನೆ. ಜಪಾನಿನಲ್ಲಿ ಯಾನಾಗಿ ಸೋಎತ್ಸು ಎಂಬವರು 1925ರಲ್ಲಿ ಕುಂಬಾರ ಗೆಳೆಯರ ಜೊತೆ ಸೇರಿ 'ಮಿಂಗೇಯಿ' ಎಂಬ ಮಾತನ್ನೇ ಹುಟ್ಟಿಸಿದರು. ಜನಸಾಮಾನ್ಯರ ಕೈಗೆಲಸ ಎಂದರ್ಥ. ಹೆಸರಿಲ್ಲದವರು ಮಾಡಿದ, ದಿನವೂ ಬಳಸುವ ಬಟ್ಟಲು, ಬುಟ್ಟಿಗಳಲ್ಲಿ ದೊಡ್ಡ ಸೌಂದರ್ಯ ಇದೆ ಎಂದು ವಾದಿಸಿ 1936ರಲ್ಲಿ ತೋಕ್ಯೋದಲ್ಲಿ ಅದಕ್ಕೊಂದು ಸಂಗ್ರಹಾಲಯ ತೆರೆದರು. ನನಗೆ ಅವರ ಬಗ್ಗೆ ಗೌರವ ಇದೆ, ಒಂದು ತಕರಾರೂ ಇದೆ. ಕೈಯಲ್ಲಿ ಮಾಡಿದ ಬಿದಿರು ಬುಟ್ಟಿಯ ಎದುರು ಅವರು ನಿಲ್ಲುತ್ತಿದ್ದರು. ಕಾರ್ಖಾನೆಯಲ್ಲಿ ಅಚ್ಚು ಹೊಯ್ದ ನೀಲಿ ಪ್ಲಾಸ್ಟಿಕ್ ಬಕೆಟ್ಟಿನ ಎದುರು ನಿಲ್ಲುತ್ತಿದ್ದರೇ? ಅನುಮಾನ. ಆದರೆ ಆ ಬಕೆಟ್ಟಿನ ಹಿಡಿಗೆ ಒಕಾಸಾನ್ ಸುತ್ತಿದ ಬಟ್ಟೆಯ ಚೂರು, ಸದ್ದಾಗದಿರಲೆಂದು ತಳದಲ್ಲಿ ಹಾಕಿದ ಹಳೆಯ ಟವೆಲ್, ಇವು ಕೈಗೆಲಸವಲ್ಲದೆ ಮತ್ತೇನು?

ಈಗ ಬಾಗಿಲು. ಈ ಚಿತ್ರದಲ್ಲಿ ಗೋಡೆಯ ಹೊರಗೆ ಅಂಟಿಕೊಂಡಿರುವ ಕಪಾಟಿನಂಥದ್ದು ಕಾಣುತ್ತದಲ್ಲ, ಅದರೊಳಗೆ ಬಾಗಿಲುಗಳನ್ನು ಇಸ್ಪೀಟಿನ ಎಲೆಯ ಹಾಗೆ ಒಂದರ ಹಿಂದೆ ಒಂದು ಸರಿಸಿ ಇಡುತ್ತಾರೆ. 'ಅಮಾದೊ' ಅಂತ ಹೆಸರು. ಅಮೆ ಅಂದರೆ ಮಳೆ, ದೊ ಅಂದರೆ ಬಾಗಿಲು. ಮಳೆಬಾಗಿಲು! ಬಿರುಗಾಳಿ ಬರುವ ಹೊತ್ತಿಗೆ ಒಂದೊಂದೇ ಎಳೆದು ಜಗಲಿಯನ್ನು ಪೂರಾ ಮುಚ್ಚುತ್ತಾರೆ. ಈಗಿನ ಮನೆಗಳಲ್ಲಿ ಅಲ್ಯುಮಿನಿಯಂ ಬಂದಿದೆ. ಒಕಾಸಾನ್ ಮನೆಯ ಹಿಂಬದಿಯಲ್ಲಿ ಮಾತ್ರ ಹಳೆಯ ಮರದ್ದೇ ಮೂರು ಉಳಿದಿದ್ದವು. ಅವುಗಳ ಕೆಳಗಿನ ಒಂದು ಗೇಣು ಬೂದುಬಣ್ಣ, ಮೇಲಿನದು ಕಂದು. ಸೂರಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಎಷ್ಟೆತ್ತರ ಸಿಡಿಯುತ್ತದೋ ಅಷ್ಟೆತ್ತರಕ್ಕೆ ಸರಿಯಾಗಿ ಆ ಗೆರೆ. ಐವತ್ತು ವರ್ಷದ ಸಿಡಿತ. ನಮ್ಮ ಮಲೆನಾಡಿನ ಮನೆಗಳ ಗೋಡೆಗೂ ಆ ಗೆರೆ ಇರುತ್ತದೆ, ಪ್ರತಿ ದೀಪಾವಳಿಗೆ ಸುಣ್ಣ ಬಳಿದು ಅಳಿಸಿಬಿಡುತ್ತೇವೆ.

ಮರದ ಮಾತು ಬಂದದ್ದರಿಂದ ಒಂದು ವಿಷಯ. ಈ ದ್ವೀಪದ ಸುಗಿ ಮರ ಗ್ರಾನೈಟಿನ ಮೇಲಿನ ತೆಳು ಮಣ್ಣಿನಲ್ಲಿ ತೀರ ನಿಧಾನ ಬೆಳೆಯುತ್ತದೆ. ಹಾಗಾಗಿ ಒಳಗಿನ ಉಂಗುರಗಳು ಒತ್ತೊತ್ತು, ರಾಳವೂ ಹೆಚ್ಚು, ಬೇಗ ಕೊಳೆಯುವುದಿಲ್ಲ. ಹಿಂದೆ ದಕ್ಷಿಣ ಕ್ಯೂಶೂವನ್ನು ಆಳುತ್ತಿದ್ದ ಸತ್ಸುಮಾ ಒಡೆಯರ ಕಾಲದಲ್ಲಿ ಇಲ್ಲಿನವರು ಕಂದಾಯವನ್ನು ಅಕ್ಕಿಯ ಬದಲು ಈ ಮರದ ಹಲಗೆಯಲ್ಲಿ ಕಟ್ಟುತ್ತಿದ್ದರು. 'ಹಿರಾಗಿ' ಎಂಬ ತೆಳ್ಳನೆಯ ಹಲಗೆ, ಮನೆಯ ಮಾಡಿಗೆ ಹಂಚಿನ ಹಾಗೆ ಹೊದಿಸಲು. ಗರಗಸದಿಂದ ಕೊಯ್ದದ್ದಲ್ಲ, ನಾರಿನ ಜಾಡು ಹಿಡಿದು ಸೀಳಿದ್ದು. ನಾರು ತುಂಡಾಗದ್ದರಿಂದ ನೀರು ಒಳಗಿಳಿಯದೆ ನಾರಿನುದ್ದಕ್ಕೂ ಜಾರಿಹೋಗುತ್ತದೆ. ಸೀಳಲು ನೆಟ್ಟಗಿನ ಮರವೇ ಆಗಬೇಕು. ಹಾಗಾಗಿ ನೆಟ್ಟಗಿದ್ದವೆಲ್ಲ ಹೋದವು, ಗಂಟುಗಂಟಾಗಿ ತಿರುಚಿಕೊಂಡು ಕೆಲಸಕ್ಕೆ ಬಾರದವು ಉಳಿದವು. ಇವತ್ತು ಲೋಕವೆಲ್ಲ ಬಂದು ಬೆರಗಾಗಿ ನೋಡುವುದು, 1993ರಲ್ಲಿ ವಿಶ್ವ ಪರಂಪರೆ ಎಂದು ಘೋಷಿಸಿದ ಕಾಡಿನಲ್ಲಿರುವುದು, ಅಂಥ ಮರಗಳನ್ನೇ. ಅಂದರೆ ಬೆಟ್ಟದ ಮೇಲಿನ ಆ ಮಹಾವೃಕ್ಷಕ್ಕೂ ಊರೊಳಗಿನ ಮನೆಯ ಮಾಡಿಗೂ ಮಳೆಯೇ ಸಂಬಂಧ ಕಟ್ಟಿದೆ. ನಾನು ಮರ ನೋಡಲಿಲ್ಲ ಎಂಬ ಬೇಸರ ಇದನ್ನು ತಿಳಿದ ಮೇಲೆ ಅರ್ಧ ಕಡಿಮೆಯಾಯಿತು. ಪೂರಾ ಅಲ್ಲ, ಸುಳ್ಳು ಯಾಕೆ ಹೇಳಲಿ.

ಸರಿ, ಕ್ಯಾಮೆರಾದವರು ಕಾಯುತ್ತಿದ್ದೀರಿ. ಮಳೆಯಲ್ಲಿ ವಸ್ತುವಿನ ಚಿತ್ರ ತೆಗೆಯುವಾಗ ನಾನು ಪಟ್ಟ ಪಾಡು ಹೇಳುತ್ತೇನೆ.

ಮಳೆ ಚಿತ್ರದಲ್ಲಿ ಯಾಕೆ ಬರಲಿಲ್ಲ? ದೊಡ್ಡ ಹನಿ ಸೆಕೆಂಡಿಗೆ ಸುಮಾರು ಎಂಟು ಮೀಟರ್ ವೇಗದಲ್ಲಿ ಬೀಳುತ್ತದೆ. ಶಟರ್ 1/60 ಸೆಕೆಂಡಿಗೆ ಇಟ್ಟರೆ ಅದು ತೆರೆದಿರುವಷ್ಟರಲ್ಲಿ ಹನಿ 13 ಸೆಂಟಿಮೀಟರ್ ಇಳಿದಿರುತ್ತದೆ. ಉದ್ದದ ಮಸುಕು ಗೆರೆ. 1/500 ಇಟ್ಟರೆ ಒಂದೂವರೆ ಸೆಂಟಿಮೀಟರಿನ ಪುಟ್ಟ ಕಡ್ಡಿ. ಪೂರಾ ನಿಲ್ಲಿಸಬೇಕೆಂದರೆ 1/2000 ಬೇಕು, ಆಗಲೂ ನಾಲ್ಕು ಮಿಲಿಮೀಟರ್ ಜಾರಿರುತ್ತದೆ. ಅಷ್ಟು ವೇಗಕ್ಕೆ ಮೋಡದ ಬೆಳಕು ಸಾಲುವುದಿಲ್ಲ. ಇನ್ನು ಹಿನ್ನೆಲೆ ಬಿಳಿ ಆಕಾಶವಾದರೆ ಯಾವ ಶಟರಿಗೂ ಮಳೆ ಕಾಣದು. ಹಿಂದೆ ಕಪ್ಪಿರಬೇಕು, ಬೆಳಕು ಹನಿಯ ಆಚೆಬದಿಯಿಂದ ಬರಬೇಕು. ನಾನು ಕೊನೆಗೆ ನೆಚ್ಚಿಕೊಂಡದ್ದು ಒಕಾಸಾನರ ಸೌದೆ ಕೊಟ್ಟಿಗೆಯ ಕತ್ತಲು ಬಾಗಿಲನ್ನು. ಅದರೆದುರು ಸೂರಿನಿಂದ ಇಳಿಬಿಟ್ಟ ಕಬ್ಬಿಣದ ಸರಪಳಿ ಇತ್ತು. ಕೊಳವೆಯ ಬದಲು ಸರಪಳಿ. ಮಾಡಿನ ನೀರು ಅದರ ಕೊಂಡಿ ಕೊಂಡಿ ಹಿಡಿದು ಇಳಿಯುತ್ತದೆ. 1/125ರಲ್ಲಿ ಕೊಂಡಿಗಳು ಗಟ್ಟಿ, ನೀರು ರೇಶಿಮೆ. ಈ ಒಂದು ಚಿತ್ರಕ್ಕೆ ಎರಡು ಬೆಳಗು ಹೋಯಿತು.

ಆಕಾಶವನ್ನು ಚೌಕಟ್ಟಿನೊಳಗೆ ಬಿಟ್ಟುಕೊಳ್ಳಬೇಡಿ. ಮೋಡ ಕವಿದ ಆಕಾಶದ ಚೂರೇ ಚೂರು ಮೂಲೆಯಲ್ಲಿ ಬಂದರೂ ಕಣ್ಣು ಅಲ್ಲಿಗೇ ಓಡುತ್ತದೆ. ಕ್ಯಾಮೆರಾ ಕೆಳಕ್ಕೆ ಬಾಗಿಸಿ. ಅದೇ ಮೋಡ ವಸ್ತುವಿನ ಮೇಲೆ ಚೆಲ್ಲುವ ಬೆಳಕು ಮಾತ್ರ ಯಾವ ಸ್ಟುಡಿಯೋದಲ್ಲೂ ಸಿಗುವಂಥದ್ದಲ್ಲ. ನೆರಳಿಗೆ ಅಂಚೇ ಇರುವುದಿಲ್ಲ.

ಒದ್ದೆಯಾದದ್ದು ಕಪ್ಪಾಗಿ ಕಾಣುತ್ತದಲ್ಲ, ಯಾಕೆ ಅಂತ ಯೋಚಿಸಿದ್ದೀರಾ? ಒಣಮರದ ಮೇಲೆ ಬಿದ್ದ ಬೆಳಕು ಅಡ್ಡಾದಿಡ್ಡಿ ಚದುರಿ ಬಹುಪಾಲು ನಮ್ಮ ಕಣ್ಣಿಗೆ ವಾಪಸು ಬರುತ್ತದೆ. ಮೇಲೆ ನೀರಿನ ಪದರ ಕೂತರೆ, ಹೊರಗೆ ಹೊರಟ ಬೆಳಕಿನಲ್ಲಿ ಒಂದಷ್ಟನ್ನು ಆ ಪದರವೇ ತಿರುಗಿಸಿ ಒಳಕ್ಕೆ ಕಳಿಸುತ್ತದೆ. ಅದು ಮತ್ತೆ ಮರಕ್ಕೆ ಬಡಿದು, ಮತ್ತೆ ತಿರುಗಿ, ಕೊನೆಗೆ ಅಲ್ಲೇ ಇಂಗುತ್ತದೆ. ನೀರು ಮಣ್ಣಿಗೆ ಇಂಗಿದ ಹಾಗೆ ಬೆಳಕು ಮರಕ್ಕೆ ಇಂಗುತ್ತದೆ. ಬಣ್ಣ ಕಡುವಾಗುವುದು ಹಾಗೆ. ಆದರೆ ಅದೇ ನೀರಿನ ಮೇಲ್ಮೈ ಆಕಾಶವನ್ನು ಪ್ರತಿಫಲಿಸಿ ಬಿಳಿ ಮಿಂಚು ಕೂಡಿಸುತ್ತದೆ. ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಎಂಬ ಫಿಲ್ಟರ್ ತಿರುಗಿಸಿದರೆ ಆ ಮಿಂಚು ಹೋಗಿ ಬಣ್ಣ ಮೇಲೇಳುತ್ತದೆ. ನೆಟ್ಟಗೆ ಮೇಲಿನಿಂದಾಗಲಿ ತೀರ ಓರೆಯಿಂದಾಗಲಿ ನೋಡಿದರೆ ಅಷ್ಟು ಕೆಲಸ ಮಾಡದು. ನೀರಿನ ಮಟ್ಟದಿಂದ 37 ಡಿಗ್ರಿಯಷ್ಟು ಮೇಲಿಂದ ಇಣುಕಿದರೆ ಪರಿಣಾಮ ಪೂರ್ತಿ. ನನ್ನ ಅಭಿಪ್ರಾಯ ಕೇಳಿದರೆ, ಪೂರ್ತಿ ತೆಗೆಯಬೇಡಿ. ಮಿಂಚೆಲ್ಲ ಒರೆಸಿಬಿಟ್ಟರೆ ವಸ್ತು ಒದ್ದೆಯಾಗಿದೆ ಎಂದೇ ಗೊತ್ತಾಗುವುದಿಲ್ಲ, ವಾರ್ನಿಶ್ ಬಳಿದ ಹಾಗಿರುತ್ತದೆ. ಮುಕ್ಕಾಲು ತಿರುಗಿಸಿ ನಿಲ್ಲಿಸಿ.

ಇದು ನನಗೆ ಬಹಳ ಇಷ್ಟದ ಚಿತ್ರ. ರಸ್ತೆ ಬದಿಯಲ್ಲಿ ಯಾರೂ ಕಾಯದ ತರಕಾರಿ ಗೂಡು. ಜಪಾನಿನ ಹಳ್ಳಿಗಳಲ್ಲಿ ಎಲ್ಲೆಲ್ಲೂ ಇವೆ. ಹಲಗೆಯ ಮೇಲೆ ತರಕಾರಿ ಚೀಲ, ಪಕ್ಕದಲ್ಲಿ ದುಡ್ಡಿನ ಡಬ್ಬಿ. ನೂರು ಯೆನ್ ಹಾಕಿ ತೆಗೆದುಕೊಂಡು ಹೋಗುವುದು. ಡಬ್ಬಿಯ ಕಿಂಡಿಯಿಂದ ನೀರಿಳಿಯದಿರಲೆಂದು ಒಂದು ಕಪ್ಪೆಚಿಪ್ಪನ್ನು ತಂತಿಯಲ್ಲಿ ಕಟ್ಟಿ ಮುಚ್ಚಳ ಮಾಡಿದ್ದಾರೆ. ಚಿಪ್ಪನ್ನು ಎತ್ತಿ ನಾಣ್ಯ ಹಾಕಬೇಕು, ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ತಂತಿಯ ತುದಿಯಲ್ಲಿ ಒಂದು ಹನಿ ತೂಗುತ್ತಿದೆ ನೋಡಿ. ಇನ್ನೂ ಹತ್ತಿರ ತರುತ್ತೇನೆ. ಹನಿಯೊಳಗೆ ಇಡೀ ರಸ್ತೆ ತಲೆಕೆಳಗಾಗಿದೆ, ಕೆಂಪು ಅಂಚೆಪೆಟ್ಟಿಗೆ ಸಮೇತ. ಹನಿ ಎಂದರೆ ಪುಟ್ಟ ಲೆನ್ಸ್, ತಿರುವುಮುರುವು ಬಿಂಬ ಅದರ ಸ್ವಭಾವ. ಫೋಕಸ್ ಮಾಡಬೇಕಾದ್ದು ಹನಿಯ ಮೈಗಲ್ಲ, ಒಳಗಿನ ಬಿಂಬಕ್ಕೆ. ಎರಡಕ್ಕೂ ಕೂದಲೆಳೆಯ ಅಂತರ. ಇನ್ನೊಂದು ಮಾತು, ಇಂಥ ಹನಿಯ ಚಿತ್ರಗಳನ್ನು ಅತಿ ಮಾಡಬೇಡಿ. ನಾನು ಅರವತ್ತು ತೆಗೆದೆ, ಇದೊಂದೇ ಇಟ್ಟುಕೊಂಡೆ, ಅದೂ ಚಿಪ್ಪಿನ ಕಾರಣಕ್ಕೆ.

ಬಣ್ಣದ ಕೊಡೆ ಹಿಡಿದು ನಿಂತವರು, ನೀಲಿ ಹೈಡ್ರಾಂಜಿಯಾ ಹೂವು, ಸೂರಿಗೆ ಕಟ್ಟಿದ ಬಿಳಿ ಬಟ್ಟೆಯ ಬೊಂಬೆ 'ತೆರುತೆರು ಬೋಜು', ಇವು ಜಪಾನಿನ ಮಳೆಗಾಲದ ಕ್ಯಾಲೆಂಡರ್ ಚಿತ್ರಗಳು. ನಾಳೆ ಬಿಸಿಲು ಬರಲಿ ಎಂದು ಮಕ್ಕಳು ಕಟ್ಟುವ ಬೊಂಬೆ ಅದು. ತೆಗೆಯಬಾರದು ಎಂದೇನಿಲ್ಲ. ಆದರೆ ಅವು ನೋಡುವ ಮೊದಲೇ ನೋಡಿಯಾಗಿರುವ ಚಿತ್ರಗಳು. ಪಕ್ಕದ ಮನೆಯ ಹುಡುಗ ಕಟ್ಟಿದ್ದ ಬೊಂಬೆ ಮೂರು ದಿನ ನೆಂದು, ಮೂಗುಬಾಯಿ ಬರೆದ ಶಾಯಿಯೆಲ್ಲ ಇಳಿದು, ಎದೆಯ ಮೇಲೆ ಎರಡು ಕಪ್ಪು ಗೆರೆಯಾದಾಗ ಮಾತ್ರ ಹೋಗಿ ಒಂದು ತೆಗೆದೆ.

ಈಗ ನನ್ನ ಕಷ್ಟದ ಕತೆ. ನನ್ನ ಕ್ಯಾಮೆರಾ ಕೊಳ್ಳುವಾಗ ಅಂಗಡಿಯಾತ "ಮಳೆಗೆ ಏನೂ ಆಗಲ್ಲ" ಎಂದಿದ್ದ. ಹನ್ನೊಂದನೆಯ ದಿನ ಬಂದರಿನಲ್ಲಿ ತಲೆಕೆಳಗಾಗಿ ಪೇರಿಸಿಟ್ಟ ಮೀನಿನ ಕ್ರೇಟುಗಳನ್ನು ತೆಗೆಯುತ್ತಿದ್ದೆ. ಅಂಬೋದವರು ಹಾರುಮೀನು ಹಿಡಿಯುವುದಕ್ಕೆ ಹೆಸರಾದವರು. ಕ್ರೇಟಿನ ತೂತುಗಳಲ್ಲಿ ಅಲ್ಲಲ್ಲಿ ಅದರ ರೆಕ್ಕೆಯ ಚೂರು ಸಿಕ್ಕಿಕೊಂಡು ಗಾಜಿನ ಹಾಗೆ ಹೊಳೆಯುತ್ತಿತ್ತು. ಮುಕ್ಕಾಲು ಗಂಟೆ ಮಳೆಯಲ್ಲಿ ನಿಂತೆ. ಲೆನ್ಸ್ ಬದಲಿಸಲು ಅಂಗಡಿಯೊಂದರ ಸೂರಿನಡಿ ನಿಂತು ಬಿಚ್ಚಿದೆ ನೋಡಿ, ತಪ್ಪು ಅಲ್ಲೇ. ಸಂಜೆ ಹೊತ್ತಿಗೆ ಗುಂಡಿಗಳು ತಮ್ಮಷ್ಟಕ್ಕೆ ತಾವೇ ಒತ್ತಿಕೊಳ್ಳತೊಡಗಿದವು. ಮಳೆ ತಡೆಯುತ್ತದೆ ಎಂದರೆ ಮುಳುಗಿದರೂ ಬದುಕುತ್ತದೆ ಎಂದಲ್ಲ, ಬಿಚ್ಚಿದರೂ ಬದುಕುತ್ತದೆ ಎಂದಂತೂ ಅಲ್ಲವೇ ಅಲ್ಲ. ಉಳಿದ ದಿನಗಳಿಗೆ ನನ್ನ ಹಳೆಯ ಪುಟ್ಟ ಕ್ಯಾಮೆರಾವೇ ಗತಿಯಾಯಿತು. ಅದಕ್ಕೆ ಒಂದು ಷವರ್ ಕ್ಯಾಪ್ ತೊಡಿಸಿಕೊಂಡು ಓಡಾಡಿದೆ.

ಮಳೆಗಿಂತ ದೊಡ್ಡ ಶತ್ರು ತೇವ. ಏಸಿ ಹಾಕಿದ ಕೋಣೆಯಿಂದ ತಣ್ಣಗಾದ ಕ್ಯಾಮೆರಾವನ್ನು ಹೊರಗೆ ತಂದ ಕೂಡಲೇ ಲೆನ್ಸಿಗೆ ಮಂಜು ಹಿಡಿಯುತ್ತದೆ. ಜಿಪ್ ಚೀಲದಲ್ಲಿ ಹಾಕಿ ಹೊರಗಿಟ್ಟು, ಅದು ಹೊರಗಿನಷ್ಟೇ ಬೆಚ್ಚಗಾಗುವವರೆಗೆ ಕಾಯಬೇಕು. ಇನ್ನು ಬೂಷ್ಟು. ಗಾಳಿಯ ತೇವಾಂಶ 60 ಶೇಕಡಾ ದಾಟಿ ವಾರಗಟ್ಟಲೆ ನಿಂತರೆ ಲೆನ್ಸಿನೊಳಗೆ ಜೇಡರಬಲೆಯ ಹಾಗೆ ಹಬ್ಬುತ್ತದೆ. ಜಪಾನಿನ ಛಾಯಾಗ್ರಾಹಕರು ಇದಕ್ಕೆಂದೇ ಇರುವ ಒಣ ಕಪಾಟಿನಲ್ಲಿ, 40ರಿಂದ 50 ಶೇಕಡಾದ ನಡುವೆ, ಇಡುತ್ತಾರೆ. ತೀರ ಒಣಗಿಸಿದರೂ ರಬ್ಬರ್ ಬಿರಿಯುತ್ತದೆ. ನನ್ನ ಬಳಿ ಕಪಾಟು ಎಲ್ಲಿಂದ ಬರಬೇಕು? ಒಕಾಸಾನ್ ಅಡುಗೆಮನೆಯಿಂದ ಖಾಲಿಯಾದ ನೋರಿ ಡಬ್ಬಿ ತಂದುಕೊಟ್ಟರು. ನೋರಿ ಎಂದರೆ ಅನ್ನಕ್ಕೆ ಸುತ್ತುವ ಕಡಲಪಾಚಿಯ ಹಾಳೆ, ನಮ್ಮ ಹಪ್ಪಳಕ್ಕಿಂತ ಬೇಗ ಮೆತ್ತಗಾಗುತ್ತದೆ. ಅದಕ್ಕೇ ಡಬ್ಬಿಯ ಮುಚ್ಚಳ ಬಿಗಿ, ಒಳಗೆ ತೇವ ಹೀರುವ ಪೊಟ್ಟಣ. ನನ್ನ ಎರಡು ಲೆನ್ಸ್ ಆ ಡಬ್ಬಿಯಲ್ಲೇ ಬದುಕಿದವು. ಈಗಲೂ ಅವುಗಳಿಗೆ ಒಂದಿಷ್ಟು ಸಮುದ್ರದ ವಾಸನೆ.

ಅವರ ಕೋಣೆಯಲ್ಲಿ ತೇವ ತೆಗೆಯುವ ಯಂತ್ರವೊಂದು ಹಗಲಿರುಳು ಗುರ್ ಎನ್ನುತ್ತಿತ್ತು. ಒಗೆದ ಬಟ್ಟೆಯನ್ನು ಒಳಗೇ ಹರವಿ ಅದರೆದುರು ಒಣಗಿಸುವುದು. ಬೆಳಿಗ್ಗೆ ಎದ್ದು ಅದರ ತೊಟ್ಟಿ ತೆಗೆದರೆ ಗಾಳಿಯಿಂದ ಹಿಂಡಿದ ಎರಡು ಲೀಟರ್ ನೀರು. ಯಾಕುಶಿಮಾದ ವಿದ್ಯುತ್ತು ಬಹುಮಟ್ಟಿಗೆ ಪೂರ್ತಿ ಜಲವಿದ್ಯುತ್ತು. ಬೆಟ್ಟದ ಮೇಲೆ ಬಿದ್ದ ಮಳೆಯೇ ತಂತಿಯಲ್ಲಿ ಇಳಿದು ಬಂದು ಮನೆಯೊಳಗಿನ ಮಳೆಯನ್ನು ಹಿಂಡುತ್ತದೆ! ಇದನ್ನು ಹೇಳಿದರೆ ಒಕಾಸಾನ್ ನಗಲಿಲ್ಲ, "ಬಿಲ್ಲು ನಾನೇ ಕಟ್ಟಬೇಕಲ್ಲ" ಎಂದರು.

ಜನರ ಬಾಗಿಲಲ್ಲಿರುವ ವಸ್ತುವಿನ ಚಿತ್ರ ತೆಗೆಯುವುದು ಸೂಕ್ಷ್ಮದ ಕೆಲಸ. ಮುಖ ಇಲ್ಲ, ಹಾಗಾಗಿ ಕೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಸಣ್ಣ ಊರು, ಎರಡೇ ದಿನದಲ್ಲಿ, ಗಂಬೂಟಿನ ಫೋಟೊ ತೆಗೆಯುವ ಇಂದೋ ಹೆಂಗಸು ಎಂದು ಸುದ್ದಿಯಾಯಿತು. ಭಾರತವನ್ನು ಅವರು ಇಂದೋ ಅನ್ನುತ್ತಾರೆ. ಆಮೇಲಿಂದ ಕೇಳಿಯೇ ತೆಗೆಯತೊಡಗಿದೆ, ಆಗ ಹೊಸ ತೊಂದರೆ. ಒಬ್ಬ ಮುದುಕರ ಮನೆಯ ಗೋಡೆಗೆ ಗುದ್ದಲಿ, ನೆಂದ ಕೈಚೀಲ, ಹರಕು ಪ್ಲಾಸ್ಟಿಕ್ ಅಂಗಿ ಒಂದರ ಮೇಲೊಂದು ನೇತಿದ್ದವು. ಕೇಳಿದೆ. "ಅಯ್ಯೋ, ಇದನ್ನಾ?" ಎಂದು ಸಂಕೋಚಪಟ್ಟು ಹರಕು ಅಂಗಿ ಒಳಗಿಟ್ಟು, ಗುದ್ದಲಿ ತೊಳೆದು, ಹೊಸ ಚೀಲ ತಂದು ನೇತುಹಾಕಿ "ಈಗ ತೆಗೆಯಿರಿ" ಎಂದರು. ತೆಗೆದೆ, ಕೈಮುಗಿದೆ. ನಾಲ್ಕು ದಿನ ಬಿಟ್ಟು ಅದೇ ದಾರಿಯಲ್ಲಿ ಹೋದಾಗ ಎಲ್ಲ ಮೊದಲಿನಂತೆಯೇ ನೇತಿತ್ತು. ಮುದುಕರು ಕಿಟಕಿಯಿಂದ ನೋಡಿ ಸುಮ್ಮನೆ ತಲೆಯಾಡಿಸಿದರು. ಈ ಚಿತ್ರ ಆ ತಲೆಯಾಡಿಸಿದ್ದರ ಚಿತ್ರ. ಮೊದಲ ಸಲದ್ದನ್ನೂ ಇಟ್ಟುಕೊಂಡಿದ್ದೇನೆ, ಅವರಿಗೆ ಕಳಿಸಿದ್ದು ಅದನ್ನೇ.

ಮಳೆಯ ಸದ್ದಿಗೆ ಜಪಾನೀಯರಲ್ಲಿ ನಮ್ಮಷ್ಟೇ ಮಾತುಗಳಿವೆ. ಬಿಡಿಬಿಡಿ ಹನಿಗೆ 'ಪೊತ್ಸು ಪೊತ್ಸು', ಸದ್ದಿಲ್ಲದೆ ಹಿಡಿದ ಜಿಟಿಜಿಟಿಗೆ 'ಶಿತೊ ಶಿತೊ', ಧೋ ಎಂದು ಸುರಿಯುವುದಕ್ಕೆ 'ಜಾ ಜಾ'. ಒಕಾಸಾನ್ ಬೆಳಿಗ್ಗೆ ಹಾಸಿಗೆಯಿಂದಲೇ ಸದ್ದು ಕೇಳಿ ಇವತ್ತು ಯಾವ ಚಪ್ಪಲಿ ಎಂದು ತೀರ್ಮಾನಿಸುತ್ತಿದ್ದರು. ಮಗ್ಗುಲ ಕೋಣೆಯಲ್ಲಿ ಮಲಗಿದ್ದ ನಾನು ಬಾಗಿಲಿನ ಬಕೆಟ್ಟಿಗೆ ಬೀಳುವ ಹನಿ ಎಣಿಸುತ್ತ ಇವತ್ತು ಯಾವ ಶಟರ್ ಎಂದು ಲೆಕ್ಕ ಹಾಕುತ್ತಿದ್ದೆ.

ಪ್ರಶ್ನೆಗಳ ಹೊತ್ತು ಬಂತು ಎಂದು ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಯಾವ ಲೆನ್ಸ್ ಅಂತ ಹಿಂದಿನ ಸಾಲಿನವರು ಮೊದಲಿಂದ ಕೈ ಎತ್ತಿದ್ದೀರಿ. 50 ಮಿಲಿಮೀಟರಿನದು ಒಂದು, ತೀರ ಹತ್ತಿರದಿಂದ ತೆಗೆಯಲು 90ರ ಮ್ಯಾಕ್ರೋ ಒಂದು, ಅಷ್ಟೇ.

ಇನ್ನೊಬ್ಬರು ಕೇಳಿದ್ದು ಒಳ್ಳೆಯ ಪ್ರಶ್ನೆ: ಇದನ್ನೆಲ್ಲ ನಮ್ಮ ಸಾಗರ, ತೀರ್ಥಹಳ್ಳಿ ಕಡೆ ತೆಗೆಯಬಹುದಿತ್ತಲ್ಲ? ಹೋದ ಆಷಾಢದಲ್ಲಿ ಅಮ್ಮನ ಮನೆಯಲ್ಲಿ ಪ್ರಯತ್ನಪಟ್ಟೆ. ನಾನು ಕ್ಯಾಮೆರಾ ತೆಗೆದದ್ದೇ ಅಮ್ಮ ಜಗಲಿಯ ಕಂಬಳಿಕೊಪ್ಪೆ, ಬುಟ್ಟಿ, ಚಪ್ಪಲಿ ಎಲ್ಲವನ್ನೂ ಎತ್ತಿ ಒಳಗಿಟ್ಟುಬಿಟ್ಟಳು. ಯಾಕುಶಿಮಾದ ಮುದುಕರ ಹಾಗೆ ನಾಲ್ಕು ದಿನ ಬಿಟ್ಟು ಹೋಗೋಣವೆಂದರೆ ಅಲ್ಲೇ ಇರುವವಳು ನಾನು, ಎಲ್ಲಿಗೆ ಹೋಗಿ ಬರಲಿ? ಮುಂದಿನ ಮಳೆಗಾಲಕ್ಕೆ ನೋಡುತ್ತೇನೆ. ನಿಮ್ಮಲ್ಲಿ ಯಾರಾದರೂ ನಮ್ಮ ಮನೆಗೆ ಬನ್ನಿ, ನಾನು ನಿಮ್ಮ ಮನೆಗೆ ಬರುತ್ತೇನೆ.

ಕೊನೆಯದಾಗಿ, ಅವರಿಗೆ ಚಿತ್ರ ತೋರಿಸಿದ್ದೀರಾ ಎಂದು ಕೇಳಿದ್ದೀರಿ. ತೋರಿಸಿದೆ. ಹೊರಡುವ ಎರಡು ದಿನ ಮೊದಲು ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಎಲ್ಲವನ್ನೂ ತೋರಿಸಿದೆ. ಒಕಾಸಾನ್ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಸುಮ್ಮನೆ ನೋಡಿದರು. ಗಂಬೂಟಿನ ಚಿತ್ರ ಬಂದಾಗ "ನಿಲ್ಲಿಸು" ಎಂದರು. ಮೂಲೆ ತೋರಿಸಿ ದೊಡ್ಡದು ಮಾಡಲು ಹೇಳಿದರು. ನನಗೆ ಒಳಗೊಳಗೇ ಖುಷಿ, ಬೆಳಕು ಇಷ್ಟವಾಯಿತೇನೋ ಎಂದು. ಬಕೆಟ್ಟಿನ ಅಂಚಿನಲ್ಲಿ ಶಾಯಿಯಲ್ಲಿ ಬರೆದ ಎರಡು ಮಾಸಿದ ಅಕ್ಷರ ಇತ್ತು, ನಾನು ಗಮನಿಸಿಯೇ ಇರಲಿಲ್ಲ. "ಇದು ನಮ್ಮದಲ್ಲ, ಕೆಳಗಿನ ಮನೆಯವರದು. ಹೋದ ವರ್ಷದ ಬಿರುಗಾಳಿಯಲ್ಲಿ ಹಾರಿಬಂದದ್ದು ಇರಬೇಕು" ಎಂದರು. ಮರುದಿನ ಬೆಳಿಗ್ಗೆ ಎದ್ದಾಗ ಹನಿಯ ಸದ್ದೇ ಬೇರೆ, ಟಣ್ ಟಣ್ ಎನ್ನುತ್ತಿತ್ತು. ಹೋಗಿ ನೋಡಿದರೆ ಬಕೆಟ್ ಇಲ್ಲ. ಅದರ ಜಾಗದಲ್ಲಿ ಒಂದು ಅಲ್ಯುಮಿನಿಯಂ ಪಾತ್ರೆ, ಒಳಗೆ ಇನ್ನೂ ಟವೆಲ್ ಹಾಕಿರಲಿಲ್ಲ.